ಹಿಮನದಿಯ ಧೂಳಿಗೆ ಗಿರಣಿ ತಿಪ್ಪೇಶಪ್ಪನ ದೂರು

ಬಂಡೆಯನ್ನು ಅರೆದು ಗಾಳಿಯ ಕೈಗೆ ಕೊಡುವ ಹಿಮನದಿಯ ಮನೆತನದಲ್ಲಿ ಹುಟ್ಟಿದ ಮಾನ್ಯ ಧೂಳಿನವರೇ,

ಜಗಳೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹಿಟ್ಟಿನ ಗಿರಣಿ ನಡೆಸುತ್ತಿರುವ ತಿಪ್ಪೇಶಪ್ಪನ ನಮಸ್ಕಾರಗಳು. ತಾವು ಎಲ್ಲೋ ಕ್ಷೇಮವಾಗಿ ಹಾರುತ್ತಿರುವಿರೆಂದು ನಂಬಿದ್ದೇನೆ. ಇಲ್ಲಿಗಂತೂ ಬಂದಿಲ್ಲ, ಅದೇ ನನ್ನ ದೂರು.

ಹೈಸ್ಕೂಲಿನಲ್ಲಿ ಓದುವ ನನ್ನ ಮಗಳು ಧನುಶ್ರೀ ತಮ್ಮ ಅಭಿಮಾನಿ. ಹಿಮನದಿ ಬೆಟ್ಟವನ್ನು ಅರೆಯುತ್ತದೆ, ಆ ಪುಡಿಯನ್ನು ಗಾಳಿ ಹೊತ್ತೊಯ್ಯುತ್ತದೆ, ವರ್ಷಕ್ಕೆ ಕೂದಲೆಳೆಯಷ್ಟು ಕೂತು ಕೂತು ದೂರದ ದೇಶಗಳಲ್ಲಿ ಗುಡ್ಡಗಳೇ ಎದ್ದಿವೆ ಎಂದು ಓದಿದವಳು, ಹಿಮಾಲಯದಿಂದ ನಮಗೂ ಒಂದು ಚಿಟಿಕೆ ಏಕೆ ಬರಬಾರದೆಂದು ಹೋದ ದೀಪಾವಳಿ ಕಳೆದ ಮೇಲೆ ಗಿರಣಿಯ ಕಿಟಕಿಯಲ್ಲಿ ಸ್ಟೀಲ್ ತಟ್ಟೆ ಇಟ್ಟು, ವರ್ಷಪೂರ್ತಿ ಯಾರೂ ಮುಟ್ಟದಂತೆ ಕಾದಳು. ಹಬ್ಬಕ್ಕೆ ಸುಣ್ಣ ಬಳಿಯಲೂ ಬಿಡಲಿಲ್ಲ.

ತಟ್ಟೆಯಲ್ಲಿ ಬೆರಳು ದಪ್ಪ ಧೂಳು ಕೂತಿತು. ಗಿರಾಕಿಗಳ ಹಿಟ್ಟನ್ನು ನೋಡುವಂತೆ ನಾನೇ ಅದನ್ನು ಹೆಬ್ಬೆರಳಿನಲ್ಲಿ ಉಜ್ಜಿ, ಇಷ್ಟು ನುಣುಪು ಮನುಷ್ಯರ ಗಿರಣಿಯಲ್ಲಿ ಸಾಧ್ಯವೇ ಇಲ್ಲ, ಇದು ಹಿಮಾಲಯದ್ದೇ ಎಂದು ತೀರ್ಪು ಕೊಟ್ಟೆ. ಮಗಳು ಅದನ್ನೇ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಎರಡೇ ದಿನ ಇರುವಾಗ ನನ್ನ ತಾಯಿ ಮೂಕಮ್ಮ ಮೇಲಿಂದ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು, "ಯಾವ ಹಿಮಾಲಯನಪ್ಪಾ? ಜೋಳದ ಹಿಟ್ಟು ಐತೆ, ರೊಟ್ಟಿ ತಟ್ಟಾಕೆ ಬರ್ತೈತೆ" ಎಂದುಬಿಟ್ಟಳು.

ಮಗಳು ಅಂದು ಊಟ ಮಾಡಲಿಲ್ಲ. ನನಗೆ ತಮ್ಮ ಮೇಲೆ ಸಿಟ್ಟು ಬಂತು. ಬೆಟ್ಟಗಳನ್ನೇ ಪುಡಿ ಮಾಡುವ ಮನೆತನಕ್ಕೆ ಒಂದು ತಟ್ಟೆ ತುಂಬಿಸುವುದು ದೊಡ್ಡದೇ? ಆದಕಾರಣ ತಾವು ಖುದ್ದಾಗಿ ಹೊರಟು, ದಾರಿಯಲ್ಲಿ ಆ ಊರು ಈ ಊರು ಎಂದು ಎಲ್ಲೂ ಇಳಿಯದೆ, ಪ್ರದರ್ಶನ ಶುರುವಾಗುವ ನಾಳೆ ಗುರುವಾರ ಬೆಳಿಗ್ಗೆ ಹತ್ತರೊಳಗೆ ಜಗಳೂರಿಗೆ ಬಂದು, ಹತ್ತು ಸಾವಿರ ವರ್ಷದ ಕೆಲಸವನ್ನು ಒಂದೇ ರಾತ್ರಿಯಲ್ಲಿ ಮುಗಿಸಿಕೊಡಬೇಕಾಗಿ ಕೈಮುಗಿದು ಕೇಳುತ್ತೇನೆ.

ಕಿಟಕಿ ತೆರೆದಿಟ್ಟು ಕಾದಿರುವ ತಮ್ಮ ವಿಶ್ವಾಸಿ,
ತಿಪ್ಪೇಶಪ್ಪ

ತಾ.ಕ.: ಗುರುವಾರ ಸಂಜೆ ಬರೆಯುತ್ತಿದ್ದೇನೆ. ತಾವು ಬರಲಿಲ್ಲ. ಧನುಶ್ರೀ ರಟ್ಟಿನ ಮೇಲಿನ ಹಿಮಾಲಯವನ್ನು ತಾನೇ ಹೊಡೆದುಹಾಕಿ, ತಟ್ಟೆಯಲ್ಲಿದ್ದುದನ್ನು ಚಾಕುವಿನಿಂದ ಬರ್ಫಿಯಂತೆ ಕುಯ್ದು ತೋರಿಸಿದಳು: ತಳದಲ್ಲಿ ರಾಗಿ, ಅದರ ಮೇಲೆ ಆಷಾಢದ ಗಾಳಿ ತಂದ ಕೆಂಪು ಮಣ್ಣು, ಎಲ್ಲಕ್ಕಿಂತ ಮೇಲೆ ಜೋಳ. "ಧೂಳು ಹೆಂಗೆ ಪದರ ಕಟ್ತೈತೆ ಅಂತ ನೋಡಾಕೆ ಹಿಮಾಲಯನೇ ಬೇಕಿಲ್ಲ ಸರ್, ನಮ್ಮಪ್ಪನ ಗಿರಣಿ ಸಾಕು" ಎಂದಳಂತೆ. ಎರಡನೇ ಬಹುಮಾನ ತಂದಿದ್ದಾಳೆ. ಮೊದಲನೆಯದು ಅಡುಗೆ ಸೋಡಾದ ಜ್ವಾಲಾಮುಖಿಗೆ ಹೋಯಿತು. ಅದಾದರೂ ಹೇಳಿದ ಹೊತ್ತಿಗೆ ಉಕ್ಕಿ ಬಂದಿತ್ತು.