ಲಾಯರ ಕೋಟಿನ ಕಾವು

ತಂಗಿಯ ಬಾಣಂತನಕ್ಕೆಂದು ಹೊರಟ ಹೆಂಡತಿ ದರ್ಜಿ ಗಂಡನ ಕೈಗೆ ಒಪ್ಪಿಸಿದ್ದು ಮನೆಯನ್ನಲ್ಲ, ಮಕ್ಕಳನ್ನಲ್ಲ, ಒಂದು ಕೋಳಿಯನ್ನು. ಈ ಅವಮಾನವನ್ನು ಅವನು ಯಾರ ಹತ್ತಿರ ಹೇಳಿಕೊಳ್ಳಬೇಕು? (ಮಕ್ಕಳನ್ನು ಅವಳು ಜೊತೆಗೇ ಕರೆದುಕೊಂಡು ಹೋದಳು. ಅವರನ್ನು ಬಿಟ್ಟುಹೋಗುವಷ್ಟು ಧೈರ್ಯ ಇರಲಿಲ್ಲ.)

ಮುಂಗುಸಿಯೊಂದು ಗೂಡಿಗೆ ನುಗ್ಗಿ ಅವಳ ಕೋಳಿಗಳನ್ನೆಲ್ಲ ಮುಗಿಸಿತ್ತು. ಉಳಿದದ್ದು ಎರಡೇ: ಕಾವಿಗೆ ಕೂತ ಕೆಂಪಿ, ಮತ್ತು ಮೊಟ್ಟೆ ಇಡುವುದೊಂದು ಬಿಟ್ಟು ಬೇರೇನೂ ತಿಳಿಯದ ಬಿಳಿ ಹೇಂಟೆ. ಹೊಲಿಗೆ ಅಂಗಡಿಯ ಮೂಲೆಯಲ್ಲಿ, ತುಂಡುಬಟ್ಟೆ ತುಂಬಿದ ಬುಟ್ಟಿಯಲ್ಲಿ ಕೆಂಪಿಯ ಘೋರ ತಪಸ್ಸು ನಡೆದಿತ್ತು. ಈ ಮರಿಗಳು ಹೊರಬಂದರೆ ಅಂಗಳ ಮತ್ತೆ ತುಂಬುತ್ತದೆ. ಇಲ್ಲವಾದರೆ ಈ ಮನೆಯಲ್ಲಿ ಇನ್ನು ಕೋಳಿಯ ಹೆಸರೆತ್ತುವುದಿಲ್ಲ ಎಂದು ಅವಳು ಕಣ್ಣೊರೆಸಿಕೊಂಡು ಹೇಳಿದ್ದಳು.

"ರೀ, ಆ ಬಿಳಿ ಕಳ್ಳಿ ಇದೇ ಬುಟ್ಟೀಲಿ ಬಂದು ಮೊಟ್ಟೆ ಇಟ್ಟು ಹೋಗ್ತಾಳೆ. ಕಾವಿಗಿಟ್ಟಿದ್ದಕ್ಕೆಲ್ಲ ಇದ್ದಿಲಲ್ಲಿ ಗುರುತು ಹಾಕಿದ್ದೀನಿ. ಗುರುತಿಲ್ಲದ್ದನ್ನ ದಿನಾ ತೆಗೆದುಬಿಡಿ."

"ಇಡೀ ಊರಿನ ಅಳತೆ ಬಾಯಲ್ಲೇ ಇಟ್ಕೊಂಡಿರೋನು ಕಣೇ ನಾನು. ನನಗೆ ಮೊಟ್ಟೆ ಪಾಠಾನಾ?"

"ನಿಮ್ಮ ಅಳತೆ ನನಗೆ ಗೊತ್ತಿರೋದಕ್ಕೇ ಹೇಳ್ತಿರೋದು."

ಅವಳ ಬಸ್ಸು ತಿರುವು ದಾಟುವ ಮೊದಲೇ ಅವನು ಬುಟ್ಟಿಗೆ ಕೈಹಾಕಿದ. ಇದ್ದಿಲಿನ ಗೆರೆಗಳು ಒಂದು ಉದ್ದ, ಒಂದು ಗಿಡ್ಡ, ಮತ್ತೊಂದು ಸೊಟ್ಟ. ಕಸುಬುದಾರನ ಕಣ್ಣು ಇದನ್ನು ಸಹಿಸುವುದುಂಟೆ? ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಿಂದ ಒಂದೇ ಸಮನಾದ ಗೆರೆಗಳನ್ನು ಎಳೆದ. ಇಸ್ತ್ರಿಯ ಬಿಸಿ ತಾಕಿದರೆ ಈ ಗುರುತು ಮಂಗಮಾಯವಾಗುತ್ತದೆ ಎಂದು ಗಿರಾಕಿಗಳಿಗೆ ದಿನವೂ ಹೊಗಳಿ ಹೇಳುತ್ತಿದ್ದವನು ಅವನೇ. ಕೋಳಿಯ ಹೊಟ್ಟೆಯೂ ಒಂದು ಇಸ್ತ್ರಿಪೆಟ್ಟಿಗೆಯೇ ಎಂಬುದು ಮಾತ್ರ ಹೊಳೆದದ್ದು ಮರುದಿನ, ಬುಟ್ಟಿಯಲ್ಲಿ ಒಂದೇ ಒಂದು ಗೆರೆಯೂ ಕಾಣದಿದ್ದಾಗ.

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಯಾವುದನ್ನು ತೆಗೆದರೆ ಯಾವ ಜೀವ ಹೋದೀತೋ! ಯಾವುದನ್ನೂ ತೆಗೆಯಲಿಲ್ಲ. ಬಿಳಿ ಹೇಂಟೆ ತನ್ನ ಕಾಣಿಕೆ ನಿಲ್ಲಿಸಲಿಲ್ಲ. ಬುಟ್ಟಿ ತುಂಬಿ, ಕೆಂಪಿ ಎಷ್ಟು ರೆಕ್ಕೆ ಹರಡಿದರೂ ಅಂಚಿನಲ್ಲಿ ಮೊಟ್ಟೆಗಳು ಇಣುಕತೊಡಗಿದವು.

ಒಂದು ಬೆಳಿಗ್ಗೆ ಫೋನು ಬಂತು. "ಇವತ್ತೋ ನಾಳೆಯೋ ಮರಿ ಬರುತ್ತೆ. ಸಂಜೆಗೆ ಬರ್ತೀನಿ. ಹೆಚ್ಚಿನದ್ದೆಲ್ಲ ತೆಗೆದಿದ್ದೀರಿ ತಾನೇ? ಇಲ್ಲಾಂದ್ರೆ ಕಾವು ಸಾಲದೆ ಎಲ್ಲಾ ಹಾಳಾಗ್ತವೆ."

"ತೆಗೆಯದೆ ಇರ್ತೀನಾ?" ಎಂದ. ದನಿ ಮಾತ್ರ ಬೇರೆ ಯಾರದೋ ಆಗಿತ್ತು.

ಬಾಗಿಲು ಹಾಕಿ, ಹೊಲಿಗೆ ಮಶೀನಿನ ಬಲ್ಬು ಉರಿಸಿ, ಒಂದೊಂದೇ ಮೊಟ್ಟೆಯನ್ನು ಬೆಳಕಿಗೆ ಹಿಡಿದ. ಬೆಳಕು ಹಾಯ್ದರೆ ಹೊಸದು, ಪಕ್ಕಕ್ಕೆ. ಕಪ್ಪಾಗಿದ್ದರೆ ಒಳಗೆ ಜೀವ, ಮತ್ತೆ ಬುಟ್ಟಿಗೆ. ಕೊನೆಯದೊಂದು ಕಪ್ಪು ಮೊಟ್ಟೆ ಕೈಯಲ್ಲಿದ್ದಾಗ ಒಳಗಿನಿಂದ ಟಕ್ ಎಂದಿತು. ಅವನ ಎದೆಯೂ ಟಕ್ ಎಂದಿತು. ಅದೇ ಹೊತ್ತಿಗೆ ಬಾಗಿಲು ಧಡಧಡ ಎಂದಿತು.

"ಏನಯ್ಯಾ, ಕೋಟು ಆಯ್ತಾ? ಕೋರ್ಟಿಗೆ ಹೊತ್ತಾಯ್ತು!" ಹೊರಗೆ ಲಾಯರ ದನಿ.

ಆ ಸದ್ದಿಗೆ ಕೆಂಪಿ ಬುಟ್ಟಿಯಿಂದ ಹಾರಿ ಹಿತ್ತಿಲಿಗೆ ಓಡಿತು. ದರ್ಜಿ ಮೊಟ್ಟೆಯನ್ನು ಕೈಗೆ ಸಿಕ್ಕ ಮೆತ್ತನೆಯ ಜಾಗದಲ್ಲಿ, ಅಂದರೆ ಪಕ್ಕದಲ್ಲಿ ತೂಗುಹಾಕಿದ್ದ ಕರಿಕೋಟಿನ ಒಳಜೇಬಿನಲ್ಲಿ ಇಟ್ಟು, ಚಿಲಕ ತೆಗೆದು ಕೋಳಿಯ ಹಿಂದೆ ಓಡಿದ. ಅದನ್ನು ಅವುಚಿಕೊಂಡು ಬರುವಷ್ಟರಲ್ಲಿ ಲಾಯರು ಕೋಟು ತೊಟ್ಟು ಗುಂಡಿ ಹಾಕಿಕೊಳ್ಳುತ್ತಿದ್ದರು.

"ಎಡಗಡೆ ಸ್ವಲ್ಪ ಉಬ್ಬಿದ ಹಾಗಿದೆಯಲ್ಲ?"

"ಸಾರ್, ಅದು ಒಳಗೆ..."

"ಬಾಯಿ ಮುಚ್ಚು! ಎರಡು ಸಲ ಕೆಡಿಸಿದ್ದೀಯ. ಇನ್ನೊಂದು ನೆಪ ಹೇಳಿದ್ರೆ ನಿನ್ನ ಮೇಲೇ ಕೇಸು ಹಾಕ್ತೀನಿ."

ಸ್ಕೂಟರು ಹೊರಟೇಹೋಯಿತು. ಹಿಂದೆ ಓಡೋಣವೆಂದರೆ ಕೆಂಪಿ ಕೈಯಲ್ಲಿ ಕೊಸರಾಡುತ್ತಿದೆ, ಬುಟ್ಟಿ ತಣ್ಣಗಾಗುತ್ತಿದೆ. ಒಂದಕ್ಕಾಗಿ ಓಡುವುದೋ, ಉಳಿದವಕ್ಕಾಗಿ ನಿಲ್ಲುವುದೋ? ನಿಂತ. ಕೆಂಪಿ ಮುನಿಸು ಬಿಟ್ಟು ಬುಟ್ಟಿಯಲ್ಲಿ ಕೂರುವವರೆಗೂ ಉಸಿರು ಬಿಗಿಹಿಡಿದೇ ನಿಂತ.

ಸಂಜೆ ಹೆಂಡತಿ ಬಂದವಳೇ ಚಪ್ಪಲಿಯನ್ನೂ ಬಿಡದೆ ಬುಟ್ಟಿಯ ಮುಂದೆ ಕುಕ್ಕರಿಸಿದಳು. ರೆಕ್ಕೆಯಡಿಯಿಂದ ಹಳದಿ ತಲೆಗಳು ಇಣುಕುತ್ತಿದ್ದವು. ಅವಳ ಮುಖ ಅರಳಿತು. ಎಣಿಸಿ ನೋಡಿದ ಮೇಲೆ ಬಾಡಿತು.

"ರೀ, ಒಂದು ಕಮ್ಮಿ ಇದೆಯಲ್ಲ?"

ಉತ್ತರ ಹೊಲಿಯುವಷ್ಟರಲ್ಲಿ ಬಾಗಿಲಲ್ಲಿ ಕರಿಕೋಟು ಕಾಣಿಸಿತು. ದರ್ಜಿ ಓಡಿಹೋಗಿ ಲಾಯರ ಕಾಲು ಹಿಡಿದು, "ತಪ್ಪಾಯ್ತು ಸಾರ್! ಗುರುತು ಒರೆಸಿದ್ದು ನಾನೇ, ಮಾಯವಾಗೋ ಚಾಕಲ್ಲಿ ಬರೆದಿದ್ದೂ ನಾನೇ, ಮೊಟ್ಟೆ ನಿಮ್ಮ ಜೇಬಲ್ಲಿಟ್ಟಿದ್ದೂ ನಾನೇ! ಇವಳಿಗೆ ಮಾತ್ರ ಹೇಳಬೇಡಿ!" ಎಂದು ಅವಳ ಎದುರಿಗೇ ಒಂದೇ ಉಸಿರಿನಲ್ಲಿ ಒದರಿದ.

ಲಾಯರು ತಬ್ಬಿಬ್ಬಾದರು. "ಏಳಯ್ಯಾ, ನಾನು ಥ್ಯಾಂಕ್ಸ್ ಹೇಳೋಣ ಅಂತ ಬಂದೆ. ವಾದ ಶುರು ಮಾಡ್ತಿದ್ದ ಹಾಗೇ ಎಲ್ಲೋ ಚಿಂವ್ ಚಿಂವ್ ಅಂತು. ಜಡ್ಜ್ ಸಾಹೇಬರು ಎಲ್ಲರ ಫೋನೂ ಆಫ್ ಮಾಡಿಸಿದ್ರು, ಆದ್ರೂ ನಿಲ್ಲಲಿಲ್ಲ. ರೇಗಿ ಕೇಸನ್ನೇ ಮುಂದೂಡಿದ್ರು. ಈ ವಾಯಿದೆಗಾಗಿ ನಾನು ಎಷ್ಟು ದಿನದಿಂದ ಒದ್ದಾಡ್ತಿದ್ದೆ ಗೊತ್ತಾ?" ಎಂದು ಎದೆಯ ಒಳಜೇಬಿನಿಂದ ಮೆಲ್ಲನೆ ಮೊಟ್ಟೆ ತೆಗೆದರು. ಚಿಪ್ಪು ಬಿರಿದು ಪುಟ್ಟ ಕೊಕ್ಕೊಂದು ಹೊರಗೆ ಬಂದಿತ್ತು.

ಹೆಂಡತಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕೆಂಪಿಯ ಹೊಟ್ಟೆಯಡಿಗೆ ಸೇರಿಸಿದಳು. "ಲಾಯರೇ, ಮುಂದಿನ ಸಲ ಕಾವಿಗೆ ನಿಮಗೇ ಹೇಳಿಕಳಿಸ್ತೀನಿ."

ಲಾಯರು ನಗುತ್ತ ಹೋದರು. ಅವಳು ನಗಲಿಲ್ಲ. ಒಳಗೆ ಹೋಗಿ ಇದ್ದಿಲು ತಂದು, ಗಂಡನ ಬಿಳಿ ಅಂಗಿಯ ಎದೆಯ ಮೇಲೆ ಉದ್ದಕ್ಕೊಂದು, ಅಡ್ಡಕ್ಕೊಂದು ದಪ್ಪ ಗೆರೆ ಎಳೆದಳು. ಎರಡೂ ಸೊಟ್ಟ.

"ಈಗ ಒರೆಸಿ ನೋಡೋಣ" ಎಂದಳು.