ಬೆಳಕಿಗೂ ಒಂದು ಪಥ್ಯ

ಕಾಯಿಲೆಗೆ ಮಾತ್ರೆ ಕೊಟ್ಟರೆ ಜನ ಸುಮ್ಮನೆ ನುಂಗುತ್ತಾರೆ. ಬೆಳಕು ಕೊಟ್ಟು ನೋಡಿ, ದಿನಕ್ಕೊಂದು ತಮಾಷೆ ಗ್ಯಾರಂಟಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೊಸೂರಿನ ಒಂದು ಪುಟ್ಟ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೆ. ನಮ್ಮ ಡಾಕ್ಟರಿಗೆ ಪಾಠ ಹೇಳಿದ್ದ ಬೆಂಗಳೂರಿನ ದೊಡ್ಡ ಡಾಕ್ಟರು, ಊತ ನೋವುಗಳಿಗೆಂದು ಒಂದು ಇನ್‌ಫ್ರಾರೆಡ್ ಲ್ಯಾಂಪನ್ನು ಎರವಲು ಕೊಟ್ಟಿದ್ದರು. ಷರತ್ತು ಒಂದೇ: ಎರಡು ತಿಂಗಳೊಳಗೆ ಒಬ್ಬ ರೋಗಿಯಾದರೂ ಮೂವತ್ತು ದಿನ ತಪ್ಪದೆ ಬಂದು ಚಿಕಿತ್ಸೆ ಮುಗಿಸಬೇಕು. ಇಲ್ಲವಾದರೆ ಲ್ಯಾಂಪು ವಾಪಸ್. ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದೇ ಆ ಲ್ಯಾಂಪಿಗಾಗಿ. ಅದು ಹೋದರೆ ನಾನೂ ರಾಯಕೋಟೆ ಬಸ್ಸು ಹತ್ತಿ ಮನೆಯಲ್ಲಿ ಕೂರಬೇಕಿತ್ತು. ನನಗದು ಸುತರಾಂ ಇಷ್ಟವಿರಲಿಲ್ಲ.

೧. ಲೀಕು

ಮೊದಲು ಬಂದವನು ಫ್ಯಾಕ್ಟರಿಯ ಪೈಪ್ ಫಿಟ್ಟರ್. ಮಣಿಕಟ್ಟು ಊದಿತ್ತು.

"ಬೆಳಕಿನ ಶಾಖಕ್ಕೆ ಸಣ್ಣ ರಕ್ತನಾಳ ಹಿಗ್ಗುತ್ತೆ, ಅದರ ಗೋಡೆ ಸ್ವಲ್ಪ ಸಡಿಲವಾಗುತ್ತೆ" ಎಂದು ಡಾಕ್ಟರು ವಿವರಿಸಿದರು. "ಒಳಗಿರೋ ಬಿಳಿ ರಕ್ತಕಣಗಳು, ಅಂದ್ರೆ ಮೈ ಕಾಯೋ ಸಿಪಾಯಿಗಳು, ಆಚೆ ಬಂದು ಊತ ಇಳಿಸ್ತವೆ."

"ಅಂದ್ರೆ ಲೀಕ್ ಆಯ್ತದೆ ಅನ್ನಿ?"

"ಒಂಥರಾ ಹೌದು."

ಫಿಟ್ಟರ್ ಕೈ ಎಳೆದುಕೊಂಡ. "ಬೆಳಗಿಂದ ಸಾಯಂಕಾಲದ್ವರ್ಗೂ ಲೀಕ್ ನಿಲ್ಸೋದೇ ನನ್ ಕೆಲ್ಸ ಸಾರ್. ನಾನೇ ಲೀಕ್ ಆಗ್ತಾ ಹೋದ್ರೆ ಸೂಪರ್‌ವೈಸರು ಒಳಕ್ಕೆ ಬಿಟ್ಟಾನಾ?"

೨. ಸಿಪಾಯಿಗಳ ಹಾಜರಿ

ಮುಂದಿನವನು ಗುಮ್ಮಳಾಪುರದ ರೈತ. ಕತ್ತು ಹಿಡಿದುಕೊಂಡಿತ್ತು. ಡಾಕ್ಟರು ಅವನಿಗೂ ಸಿಪಾಯಿಗಳ ವಿವರಣೆಯನ್ನೇ ಕೊಟ್ಟರು. ಬೆಳಕು ಹಿಡಿದದ್ದು ಮುಗಿದರೂ ಬೆಂಚು ಬಿಟ್ಟು ಏಳಲಿಲ್ಲ. ಅವನ ಊರಿನ ಬಸ್ಸೂ ಹೋಯಿತು.

"ಯಾಕಪ್ಪಾ ಕೂತಿದ್ದೀಯ?" ಎಂದೆ.

"ಸಿಪಾಯಿಗಳು ಆಚೆ ಬಂದವ್ರಲ್ಲಮ್ಮ, ಎಲ್ಲಾ ಒಳಕ್ಕೋಗ್ಲಿ ಅಂತ ಕುಂತಿವ್ನಿ. ನಮ್ ರೋಡಲ್ಲಿ ಬಸ್ಸು ಕುಣಿಯೋ ಕುಣಿತಕ್ಕೆ ಅರ್ಧ ಜನ ಉದುರೋಗ್ಬುಟ್ರೆ?"

ಮಾರನೆಯ ದಿನ ಅವನು ಬರಲಿಲ್ಲ. ಕಷ್ಟಪಟ್ಟು ಒಳಗೆ ಸೇರಿಸಿದವರನ್ನು ಮತ್ತೆ ಯಾಕೆ ಎಬ್ಬಿಸಬೇಕು ಎಂದು ಹೇಳಿ ಕಳಿಸಿದ.

೩. ಪಥ್ಯ

ಗಡುವಿಗೆ ಇನ್ನು ಮೂವತ್ತೊಂದೇ ದಿನ ಉಳಿದಿತ್ತು. ಆಗ ಸಾನಮಾವಿನ ಅಜ್ಜಿಯೊಬ್ಬಳು ಮಂಡಿ ಊತವೆಂದು ಕೋಲೂರಿಕೊಂಡು ಬಂದಳು.

"ಇದಕ್ಕೆ ಪಥ್ಯ ಏನಮ್ಮ?"

"ಏನೂ ಇಲ್ಲ ಅಜ್ಜಿ, ಎಲ್ಲಾ ತಿನ್ನಬಹುದು."

ಅಜ್ಜಿಯ ಮುಖ ಸಪ್ಪಗಾಯಿತು. "ಪಥ್ಯ ಇಲ್ದಿದ್ಮೇಲೆ ಅದ್ಯಾತರ ಔಸ್ದಿ?" ಎಂದು ಚಪ್ಪಲಿ ಹುಡುಕತೊಡಗಿದಳು.

ನಾನು ಬಾಗಿಲಿಗೆ ಅಡ್ಡ ನಿಂತೆ. ಡಾಕ್ಟರು ಒಳಗಿದ್ದರು. "ಅಜ್ಜಿ, ಊಟದಲ್ಲಿ ನಿಮಗೆ ಯಾವುದು ಪ್ರಾಣ?" ಎಂದೆ.

"ಹಿದುಕಿದ ಅವರೆಬೇಳೆ ಸಾರು." ಅದು ಅವರೆಕಾಯಿ ಕಾಲ.

"ಅದನ್ನೇ ಬಿಡಬೇಕು. ನಡುವೆ ಒಂದು ದಿನ ಬೆಳಕು ತಪ್ಪಿದರೂ ಪಥ್ಯ ಮಾಡಿದ್ದೆಲ್ಲಾ ದಂಡ" ಎಂದುಬಿಟ್ಟೆ.

ಅಜ್ಜಿ ಚಪ್ಪಲಿ ಅಲ್ಲೇ ಬಿಟ್ಟು ಬಂದು ಮಂಡಿ ಚಾಚಿದಳು. "ಮೊದ್ಲೇ ಹೇಳ್ಬಾರ್ದಾ! ಇವಾಗ ಔಸ್ದಿ ಅನ್ನಿಸ್ತು ನೋಡು."

೪. ದೊಡ್ಡ ಡಾಕ್ಟರು

ಮೂವತ್ತನೆಯ ದಿನ ಅಜ್ಜಿ ಕೋಲಿಲ್ಲದೆ ನಡೆದುಬಂದಳು. ಅದೇ ದಿನ ಬೆಂಗಳೂರಿನ ದೊಡ್ಡ ಡಾಕ್ಟರೂ ಕಾರಿನಲ್ಲಿ ಬಂದಿಳಿದರು.

"ಲ್ಯಾಂಪಿನಿಂದ ವಾಸಿಯಾಯ್ತೇನಮ್ಮ?" ಎಂದರು.

"ಲ್ಯಾಂಪಿಂದ ಏನಾಯ್ತದೆ ಸ್ವಾಮಿ? ಈಯಮ್ಮ ಹೇಳಿದ್ ಪಥ್ಯದಿಂದ! ಮನೇರೆಲ್ಲಾ ಅವರೆಬೇಳೆ ಸಾರು ಸುರೀತಿದ್ರೆ ನಾನು ಮಜ್ಜಿಗೇಲಿ ಮುದ್ದೆ ನುಂಗ್ದೆ. ಊರಿಗೆಲ್ಲಾ ಹೇಳ್ಬುಟ್ಟಿವ್ನಿ, ಬೆಳಕು ಬ್ಯಾಡ, ಅವರೆಕಾಯಿ ಬಿಡಿ ಸಾಕು ಅಂತ."

ನಮ್ಮ ಡಾಕ್ಟರು ನನ್ನನ್ನು ನುಂಗುವ ಹಾಗೆ ನೋಡಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡೆ. ಕೆಲಸ ಹೋಯಿತೆಂದು ಕಣ್ಣಲ್ಲಿ ನೀರೇ ಬಂತು.

ದೊಡ್ಡ ಡಾಕ್ಟರು ಹಾಜರಿ ಚೀಟಿ ತಿರುವಿ ನೋಡಿದರು. "ನನ್ನ ರೋಗಿಗಳು ಮೂರು ದಿನ ಬಂದು ನಾಪತ್ತೆ ಆಗ್ತಾರೆ. ಇವರು ಮೂವತ್ತು ದಿನ ಬಂದಿದ್ದಾರೆ. ಲ್ಯಾಂಪು ಇಲ್ಲೇ ಇರಲಿ, ಸಿಸ್ಟರೂ ಇರಲಿ. ಸುಳ್ಳು ಮಾತ್ರ ಇನ್ನು ಸಾಕು" ಎಂದು ಗಂಭೀರವಾಗಿ ಹೇಳಿ ಹೊರಟರು.

ಕಾರಿನವರೆಗೆ ಬಿಡಲು ಹೋದೆ. ನಮ್ಮ ಡಾಕ್ಟರು ಒಳಗೆ ಹೋದದ್ದನ್ನು ಖಚಿತಪಡಿಸಿಕೊಂಡು, ದೊಡ್ಡ ಡಾಕ್ಟರು ಕಿಟಕಿಯಿಂದ ತಲೆ ಹೊರಗೆ ಹಾಕಿ ಪಿಸುಗುಟ್ಟಿದರು:

"ಸಿಸ್ಟರ್, ಹತ್ತು ವರ್ಷದಿಂದ ನನಗೆ ಸೊಂಟ ನೋವು. ಏನು ಬಿಡಲಿ ಹೇಳಿ. ಅವರೆಕಾಯಿ ಒಂದು ಬೇಡ, ಈಗ ಸೀಸನ್ನು."