ಮೇಡಂ ಸೇರಿದ ಕೋರ್ಸಿಗೆ ನಾನೂ ಸೇರಿದೆ

ಹೊಟ್ಟೆಕಿಚ್ಚಿನ ಮನುಷ್ಯ ಫಜೀತಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಮನೆ ಕೇಳಿಕೊಂಡು ಬರುತ್ತದೆ. ನನ್ನೂರು ಬಬಲೇಶ್ವರ. ವಿಜಯಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಅಲ್ಲೇ ಫಿಸಿಕ್ಸ್ ಕಲಿಸುವ ತಿಕೋಟಾದ ಮೇಡಂ ಒಬ್ಬರಿದ್ದಾರೆ. ಕೆಲಸಕ್ಕೆ ಬಂದದ್ದು ನನ್ನ ನಂತರ, ಉಳಿದದ್ದರಲ್ಲೆಲ್ಲ ನನಗಿಂತ ಮುಂದೆ.

೧. ಪಾಲು

ವಿಜ್ಞಾನ ಓದಿದವರಿಗೆಂದೇ ಇರುವ ಬೌದ್ಧಿಕ ಆಸ್ತಿ ಕಾನೂನಿನ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಮೇಡಂ ಸೇರಿದರು. ಪ್ರಿನ್ಸಿಪಾಲರು ಎಲ್ಲರೆದುರು ಹೊಗಳಿದರು. ಮರುದಿನವೇ ನಾನೂ ಸೇರಿದೆ.

ಊಟಕ್ಕೆ ಕೂತಾಗ ಅಪ್ಪ ಕೇಳಿದ, "ಅದ್ಯಾವ ಆಸ್ತಿಲೇ?"

"ಬುದ್ಧಿಯಿಂದ ಹುಟ್ಟಿದ ಆಸ್ತಿಯಪ್ಪಾ."

"ಅದರಾಗ ನಿಮ್ಮಣ್ಣಗೂ ಪಾಲು ಬರತೈತೇನು?"

ಅಣ್ಣ ರೊಟ್ಟಿ ಮುರಿಯುತ್ತ ಹೇಳಿದ, "ನನಗ ಬ್ಯಾಡ ಬಿಡಪ್ಪಾ. ಇವನ ಬುದ್ಧಿ ಇವನಿಗೇ ಇರ್ಲಿ."

೨. ಫ್ಯಾನು

ಕ್ಲಾಸು ಭಾನುವಾರ. ಪಾಠ ಮಾಡುವ ಸರ್ ಏನು ಕೇಳಿದರೂ ಮೇಡಂ ಉತ್ತರ ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಒಂದು ವಾರ ರಜೆ ಹಾಕಿ ಓದಿ, ಮೊದಲ ಬೆಂಚಿನಲ್ಲಿ ಕೂತೆ. ಸರ್ ಬಾಯಿ ತೆರೆದ ಕೂಡಲೇ ಕೈ ಎತ್ತಿದೆ.

"ಪ್ರಶ್ನಿ ಇನ್ನೂ ಕೇಳಿಲ್ಲಲ್ರಿ," ಅಂದರು ಸರ್.

ಮಾನ ಉಳಿಸಿಕೊಳ್ಳಲು, "ಫ್ಯಾನ್ ಹಚ್ಚಬೇಕಿತ್ರಿ," ಅಂದೆ.

ಮೇಡಂ ತಾವೇ ಎದ್ದು ಫ್ಯಾನ್ ಹಚ್ಚಿದರು. ಅಷ್ಟರಲ್ಲಿ ಸರ್ ಪ್ರಶ್ನೆ ಕೇಳಿದರು. ಹೆಂಗೂ ಎದ್ದು ನಿಂತಿದ್ದರಲ್ಲ, ಉತ್ತರವನ್ನೂ ಹೇಳಿಯೇ ಕೂತರು.

೩. ಹೊಸತನ

ಕೊನೆಗೆ, ಒಂದು ಹೊಸ ಸಲಕರಣೆಗೆ ಪೇಟೆಂಟ್ ಅರ್ಜಿ ಬರೆದು ತರಲು ಸರ್ ಹೇಳಿದರು. ಚಲೋ ಇದ್ದರೆ ನಿಜವಾಗಿಯೂ ಕಳಿಸೋಣ ಎಂದರು.

ನಾನು ಮತ್ತು ಅಣ್ಣ ಕೂಡಿ ಒಣದ್ರಾಕ್ಷಿಯ ತೊಟ್ಟು ಬಿಡಿಸುವ ಯಂತ್ರ ಮಾಡಿದ್ದೆವು. ಹಳೇ ಸೈಕಲ್ ಪೆಡಲು, ಒಂದು ಜರಡಿ, ಅಷ್ಟೇ. ಆದರೆ ಕೆಲಸ ಮಾಡುತ್ತಿತ್ತು. ಹದಿನೆಂಟು ಪುಟ ಬರೆದೆ. ಸರ್ ಓದಿ ತಲೆದೂಗಿದರು. ಮೇಡಂ ಮುಖ ನೋಡಿದೆ. ಜೀವನದಲ್ಲಿ ಅಂಥ ಸುಖ ಕಂಡಿರಲಿಲ್ಲ.

"ಅರ್ಜಿ ಹಾಕೂಕಿಂತ ಮೊದಲ ನಾಕು ಮಂದಿಗೆ ತೋರಿಸಿದ್ರ ಹೊಸತನ ಹೋತು, ಪೇಟೆಂಟ್ ಸಿಗಂಗಿಲ್ಲ," ಅಂದರು ಸರ್. "ಯಾರಿಗೂ ತೋರಿಸಿಲ್ಲಲ್ರಿ?"

"ಇಲ್ರಿ ಸರ್."

ಮೇಡಂ ಮೆಲ್ಲಗೆ ಎದ್ದರು. "ಕೆಟ್ಟ ಅನಿಸ್ಕೋಬ್ಯಾಡ್ರಿ. ಹೋದ ವಾರ ನೀವ ಅದರ ವಿಡಿಯೊ ವಾಟ್ಸಾಪ್ ಸ್ಟೇಟಸಿಗೆ ಹಾಕಿದ್ರಿ. ಒಳಗಿನ ಭಾಗಾನೂ ಬಿಚ್ಚಿ ತೋರ್ಸಿದ್ರಿ."

ಹೌದು, ಹಾಕಿದ್ದೆ. ಮೇಡಂ ನೋಡಿ ಉರಿಯಲಿ ಅಂತಲೇ ಹಾಕಿದ್ದೆ.

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಷ್ಟು ಮಂದಿ ನೋಡ್ಯಾರ್ರೀ ಅದನ್ನ?"

ಇಬ್ಬರೋ ಮೂವರೋ ಅಂದಿದ್ದರೆ ಅರ್ಜಿ ಉಳಿಯುತ್ತಿತ್ತೋ ಏನೋ. ಆದರೆ ಮೇಡಂ ಪಕ್ಕದಲ್ಲೇ ನಿಂತಿದ್ದರು.

"ನೂರಾ ನಲವತ್ತು ಮಂದಿ ಸರ್," ಅಂದೆ. "ಮೇಡಂ ಸ್ಟೇಟಸ್ ಅಷ್ಟು ಮಂದಿ ನೋಡಂಗಿಲ್ರಿ."